ಗ್ರಾಫ್ ಮೇಲಿನ ಕೆಂಪು ಗೆರೆ

"ನೀವು ಕಾವಲಿಗಿಟ್ಟ ಪೊಲೀಸಪ್ಪ ಮೊದಲ ನಿಮ್ಮನ್ನ ಹಿಡದಾನಲ್ರೀ ಮೇಡಂ!" ಪಕ್ಕದ ಕುರ್ಚಿಯ ಮೌನೇಶ ಕಿಸಕ್ಕನೆ ನಕ್ಕ.

ನೀಲಾಂಬಿಕಾಗೆ ನಗು ಬರಲಿಲ್ಲ... ಸ್ಕ್ರೀನನ್ನೇ ನೋಡುತ್ತಿದ್ದಳು.

ಹುಬ್ಬಳ್ಳಿಯ ಆ ಸಣ್ಣ ಕಂಪನಿಯ ಕೆಲಸ, ಆಂಬುಲೆನ್ಸ್ ಕರೆಗಳು ಬರುವ ಸರ್ವರ್ ನೋಡಿಕೊಳ್ಳುವುದು. ಅದು ಹೇಗಿದೆ ಎಂದು ಒಂದು ಗ್ರಾಫ್ ಸದಾ ತೋರಿಸುತ್ತಿರುತ್ತದೆ.

ಗ್ಯಾಸ್ ಸಿಲಿಂಡರ್ ಬಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತೇವಲ್ಲ... ಹಾಗೆಯೇ ಸರ್ವರಿನಲ್ಲಿ ಏನಾದರೂ ಬದಲಾಯಿಸಿದವರು ಗ್ರಾಫ್ ಮೇಲೆ ಗುರುತು ಹಾಕಬೇಕು.

ಯಾರಿಗೂ ನೆನಪಿರುತ್ತಿರಲಿಲ್ಲ. ನೆನಪಿದ್ದವರಿಗೆ ಧೈರ್ಯವಿರುತ್ತಿರಲಿಲ್ಲ!

ಅದಕ್ಕೇ ನೀಲಾ ಎರಡು ವಾರ ಕೂತು ಒಂದು ಪ್ರೋಗ್ರಾಂ ಬರೆದಳು. ಯಾರು ಏನೇ ಬದಲಾಯಿಸಲಿ, ಹೊತ್ತು, ಹೆಸರು ಸಮೇತ ಗುರುತು ತಾನಾಗಿಯೇ ಬೀಳುತ್ತದೆ. ಟ್ರಯಲ್ ಆದ್ದರಿಂದ ಸದ್ಯ ಅವಳ ಸ್ಕ್ರೀನಿನಲ್ಲಿ ಮಾತ್ರ.

ಇವತ್ತು 11:40ಕ್ಕೆ ಗ್ರಾಫ್ ದೊಪ್ಪನೆ ಕುಸಿಯಿತು. ಆರು ನಿಮಿಷ ಒಂದೂ ಕರೆ ಬರಲಿಲ್ಲ... ಆಫ್ ಮಾಡಿ ಆನ್ ಮಾಡಿದ ಮೇಲೆ ಸರ್ವರ್ ಎದ್ದಿತು. ಯಾಕೆ ಬಿತ್ತೋ ಯಾರಿಗೂ ಗೊತ್ತಿಲ್ಲ.

ಅವಳ ಸ್ಕ್ರೀನಿನಲ್ಲಿ ಮಾತ್ರ ಒಂದು ಕೆಂಪು ಗೆರೆ.
"11:38. ಸೆಟ್ಟಿಂಗ್ ಬದಲಾವಣೆ. ನೀಲಾಂಬಿಕಾ."

"ಡಿಲೀಟ್ ಒತ್ರೀ ಮೇಡಂ. ನಾ ಏನೂ ನೋಡಿಲ್ಲ. ಮ್ಯಾನೇಜರ್ ಶಿರಗುಪ್ಪಿ ಸರ್ ಕಣ್ಣಿಗೆ ಬಿತ್ತಂದ್ರ ನಿಮ್ಮ ನೌಕರಿ ಕಾಯಂ ಆದಂಗ!"

ಕಾಯಂ ಆಗುವುದು ಮುಂದಿನ ವಾರವೇ ಇತ್ತು...

ಬೆರಳು ಡಿಲೀಟ್ ಮೇಲೆ ಹೋಯಿತು... ನಿಂತಿತು.

ಗುಟ್ಟಾಗಿ ಸರಿಮಾಡುವಂತಿಲ್ಲ. ಸೆಟ್ಟಿಂಗ್ ತಿದ್ದಲು ಸರ್ವರ್ ನಿಲ್ಲಿಸಬೇಕು, ಅದಕ್ಕೆ ಸರ್ ಒಪ್ಪಿಗೆ ಬೇಕು. ಸುಮ್ಮನಿದ್ದರೆ ಅದೇ ಸೆಟ್ಟಿಂಗಿನಿಂದ ಸಂಜೆಯೊಳಗೆ ಮತ್ತೆ ಬೀಳಬಹುದು. ಆಗ ಯಾರದೋ ಮನೆಯಲ್ಲಿ, ಎದೆ ಹಿಡಿದುಕೊಂಡವರ ಪಕ್ಕ, ಯಾರೋ ಫೋನ್ ಹಿಡಿದು ಕಾಯುತ್ತಿದ್ದರೆ?

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಶಿರಗುಪ್ಪಿ ಸರ್ ಬಂದೇಬಿಟ್ಟರು.
"ಯಾರ್ ಮಾಡಿದ್ದಿದು?"

"ನಾನ್ರೀ ಸರ್..." ಸ್ಕ್ರೀನನ್ನು ಅವರ ಕಡೆ ತಿರುಗಿಸಿದಳು.

ಸರ್ ಕೆಂಪು ಗೆರೆಯನ್ನೇ ನೋಡುತ್ತ ನಿಂತರು. ಬೈಗುಳ ಬರಲಿಲ್ಲ. "ಹಳೇ ಸೆಟ್ಟಿಂಗ್ ವಾಪಸ್ ಹಾಕ್ರಿ" ಎಂದರು, ಅಷ್ಟೇ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು.

ಆದರೂ ಅವರು ಅಲ್ಲಿಂದ ಕದಲಲಿಲ್ಲ...

"ಹಳೇ ಗ್ರಾಫಿಗೂ ಗುರುತು ಹಾಕಾಕ ಬರ್ತೈತೇನವಾ?"

"ಬರ್ತೈತ್ರೀ ಸರ್. ಕೈಲೆ ಬರೀಬೇಕು."

ಸರ್ ಅವಳ ಕುರ್ಚಿಯಲ್ಲಿ ಕೂತರು. ಆರು ವರ್ಷದ ಹಿಂದಿನ ಒಂದು ದಿನವನ್ನು ತೆರೆದರು. ಅಲ್ಲೂ ಅಂಥದೇ ಒಂದು ಕುಸಿತ... ಗುರುತೇ ಇಲ್ಲ.

"ಇದನ್ನ ಕೆಡಿಸಿದಾಂವ ನಾ. ಬೈಸ್ಕೊಂಡು ನೌಕರಿ ಬಿಟ್ಟಾಂವ ಆಗ ನನ್ನ ಜೋಡಿ ಇದ್ದ ಗುರುಪಾದ... ನಾ ಬಾಯಿ ಬಿಡಲಿಲ್ಲ."

ಅವರ ಕಣ್ಣು ತುಂಬಿ ಬಂದಿತ್ತು. ಒಂದೊಂದೇ ಅಕ್ಷರ ಒತ್ತಿದರು.
"ತಪ್ಪು ಗುರುಪಾದನದಲ್ಲ. ನನ್ನದು. ಶಿರಗುಪ್ಪಿ."

"ಮೌನೇಶಾ, ಗುರುಪಾದನ ನಂಬರ್ ಐತೇನೋ?"

"ಐತ್ರೀ ಸರ್..." ಅವನ ನಗು ಎಲ್ಲೋ ಹೋಗಿತ್ತು.

ಸರ್ ನಂಬರ್ ಒತ್ತಿದರು. ಆ ಕಡೆ ರಿಂಗ್ ಆಗತೊಡಗಿತು...
ಶಿರಗುಪ್ಪಿ ಸರ್ ಮೆಲ್ಲಗೆ ಕುರ್ಚಿಯಿಂದ ಎದ್ದು ನಿಂತರು.

ನಮ್ಮ ತಪ್ಪಿನ ಪಕ್ಕ ನಮ್ಮ ಹೆಸರನ್ನು ನಾವೇ ಬರೆದರೆ, ಅಲ್ಲಿ ಇನ್ನೊಬ್ಬರ ಹೆಸರು ಬೀಳುವುದಿಲ್ಲ.

ನಿಮ್ಮ ಯಾವ ಹಳೆಯ ದಿನದ ಮೇಲೆ ಇನ್ನೂ ಗುರುತು ಹಾಕುವುದು ಬಾಕಿ ಇದೆ...?