ಎತ್ತೋ ಹಾವೋ

ಎತ್ತಿನ ಕೊಂಬಿಗೆ ಆಗಷ್ಟೇ ಬಳಿದ ಹಸಿ ಬಣ್ಣದ ವಾಸನೆ. ಚಿಕ್ಕಂದಿನ ಕಾರಹುಣ್ಣಿಮೆಯ ಆ ವಾಸನೆ, ಮೊಮ್ಮಗಳ ಫೋನಿನಲ್ಲಿ ಎತ್ತಿನ ಚಿತ್ರ ಕಂಡೊಡನೆ ಸುಮಿತ್ರಾಬಾಯಿಯ ಮೂಗಿಗೆ ಬಡಿದಂತಾಯಿತು. ಕೈ ತಾನಾಗಿ ಮುಂದೆ ಹೋಯಿತು. ಎತ್ತನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡು, “ಶರಣಪ್ಪಾ ಬಸವಣ್ಣಾ” ಎಂದರು.

“ಆಯಿ! ಏನ್ ಮಾಡ್ದಿ ನೀ?” ನೇಹಾ ಚೀರಿದಳು. ಫೋನಿನಲ್ಲಿ ಆಡುವ ಕಾರ್ಡಿನಾಟದ ಜಹೀರಾಬಾದಿನ ಕಾಲೇಜು ತಂಡಕ್ಕೆ ಆಯ್ಕೆಯ ಪಂದ್ಯ ಇನ್ನೇನು ಶುರುವಾಗಲಿತ್ತು. ಅವಳು ವಾರವೆಲ್ಲ ಕೂತು ಆಟಕ್ಕೆ ಜೋಡಿಸಿದ ಕಾರ್ಡುಗಳಲ್ಲಿ ಒಂದೇ ಜಾಗ ಉಳಿದಿತ್ತು. ಎತ್ತು ಬೇಕೋ ಹಾವು ಬೇಕೋ ಎಂದು ಫೋನು ಕೇಳುತ್ತಿತ್ತು. “ಮುಟ್ಟಿದ್ದೇ ಗಟ್ಟಿ ಆಗ್ತದ. ಇನ್ನ ಬದಲ್ ಮಾಡಾಕ ಬರಲ್ಲ. ಈ ಎತ್ತಿಗಿ ತ್ರಾಣಿಲ್ಲ, ನಂಗ ಹಾವು ಬೇಕಿತ್ತು!”

ಸುಮಿತ್ರಾಬಾಯಿಗೆ ಒಂದೂ ತಿಳಿಯಲಿಲ್ಲ. “ಹಂಗಾದ್ರ ನಾಗಪ್ಪಗೂ ಕೈ ಮುಗೀತೀನಿ, ತೋರ್ಸು.”

“ಅವು ದೇವ್ರಲ್ಲ ಆಯಿ, ಕಾರ್ಡು!”

ನೇಹಾ ಆಡಿದಳು, ಸೋತಳು. ತಂಡದಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ಗೋಡೆಗೊರಗಿ ಕೂತಿದ್ದ ಆಯಿ ಮೆಲ್ಲಗೆ ಕೇಳಿದರು, “ಎತ್ತು ಎಳೀಲಿಲ್ಲೇನವ್ವಾ?”

ಬೈಯಬೇಕೆಂದು ನೇಹಾ ತಿರುಗಿದಳು. ಆಯಿ ಬಲಗೈಯನ್ನು ಸೆರಗಿನೊಳಗೆ ಬಿಗಿಯಾಗಿ ಸುತ್ತಿಟ್ಟುಕೊಂಡಿದ್ದರು, ಅದು ಮತ್ತೇನನ್ನಾದರೂ ಮುಟ್ಟಿಬಿಟ್ಟೀತು ಎಂಬಂತೆ. ಎದುರಿಗಿದ್ದ ನೀರಿನ ತಂಬಿಗೆಯನ್ನೂ ಮುಟ್ಟಿರಲಿಲ್ಲ. ನೇಹಾ ಎದ್ದು ಅಡುಗೆಮನೆಗೆ ಹೋದಳು. ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬಂದು, ಸೆರಗಿನಿಂದ ಆ ಕೈಯನ್ನು ಬಿಡಿಸಿ, ತಾಟನ್ನು ಅದರ ಮೇಲಿಟ್ಟಳು.