ಇರುವೆ ಬಂದು ಹೋಗುವಷ್ಟು

"ಬೆಲ್ಲ ಎಷ್ಟು?" ಪಂಚಾಯತಿ ಎಂಜಿನಿಯರ್ ಸಂಗನಬಸವ ಪೆನ್ನು ಹಿಡಿದು ಮೂರನೇ ಸಲ ಕೇಳಿದ.

"ಇರವಿ ಬರಬೇಕ್ರಿ, ಆದ್ರ ನಿಲ್ಲಬಾರದು," ಎಂದ ಬುಡ್ಡೇಸಾಬ. ಮೂರನೇ ಸಲವೂ ಅದೇ ಉತ್ತರ.

"ಕಾಕಾ, ಕಿಲೋದಾಗ ಹೇಳ್ರಿ. ಈ ರಿಪೇರಿ ಫಾರ್ಮಿನ್ಯಾಗ ಇರವಿಗೆ ಕಾಲಂ ಇಲ್ಲ!"

ಇಬ್ಬರ ನಡುವೆ ನಿಂತ ನಂದಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಿಜ್ಜರಗಿಯ ಹಳೇ ಅಗಸಿಯ, ಅಂದರೆ ಊರಬಾಗಿಲಿನ, ಕಮಾನಿನ ಮೇಲಿನ ಕೋಣೆಯಲ್ಲಿ ಅವಳ ಹೊಲಿಗೆ ತರಗತಿ. ಹನ್ನೊಂದು ಮಷೀನು, ಹನ್ನೊಂದು ಹೆಣ್ಣುಮಕ್ಕಳು. ಊರಲ್ಲಿ ಬೇರೆ ಜಾಗವಿಲ್ಲ. ಹೋದ ಮಳೆಗಾಲದಲ್ಲಿ ಛಾವಣಿ ಸೋರಿ ಗೋಡೆ ಉಬ್ಬಿತು. ಓಣಿಯ ಹಿರಿಯರು ಕೆಡವಿಬಿಡೋಣ ಎಂದರು. ಸಂಗನಬಸವ ಮಾತ್ರ ಒಂದು ಕಿಂಡಿ ಬಿಟ್ಟಿದ್ದ: "ಸಿಮೆಂಟ್ ಆದ್ರ ನಾ ಬಲ್ಲೆ. ಆದ್ರ ಹಳೇ ಗ್ವಾಡಿಗೆ ಅದು ಹೊಂದಂಗಿಲ್ಲ. ಸುಣ್ಣಕ್ಕ ಬೆಲ್ಲ ಹಾಕಿ ಅರಿಯೂ ಗಚ್ಚು ನನಗ್ಯಾರೂ ಕಲಿಸಿಲ್ಲ. ರಿಪೇರಿ ಹೆಂಗಂತ ಮಾರ್ಗದರ್ಶನ ತಂದ್ರ ಸಹಿ ಮಾಡ್ತೇನಿ. ಇಲ್ಲಾಂದ್ರ ಸೋಮವಾರ ಜೆಸಿಬಿ."

ನಂದಾ ಫೋನಿನಲ್ಲಿ ಹುಡುಕಿದಳು. ಇನ್ನೂರು ಪುಟದ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದರ ತುಂಬ ಹಿಮ ಬೀಳುವ ಯಾವುದೋ ಊರಿನ ಚಿಮಣಿಗಳು. ವಿಜಯಪುರಕ್ಕೆ ಹೋಗಿ ನಾಲ್ಕು ಕಚೇರಿಗಳ ಬಾಗಿಲು ಬಡಿದಳು. "ಗುಮ್ಮಟಾದ್ರ ಹೇಳ್ರಿ, ಅಗಸಿ ನಮಗ ಬರಂಗಿಲ್ಲ" ಎಂದರು. ಬರಿಗೈಲಿ ಮರಳುವಾಗ ತೊರವಿಯಲ್ಲಿ ಎಂಬತ್ತೊಂದು ವರ್ಷದ ಬುಡ್ಡೇಸಾಬನ ಸುದ್ದಿ ಸಿಕ್ಕಿತು. ಗಚ್ಚು ಅರೆಯಬಲ್ಲ ಕಡೆಯ ಕೈ. ಅವನನ್ನು ಕೆಲಸಕ್ಕೆ ಕರೆದು ಹನ್ನೆರಡು ವರ್ಷವಾಗಿತ್ತು. ಆದರೂ ಹಿತ್ತಿಲ ಹರವಿಯಲ್ಲಿ ಸುಣ್ಣ ನೆನೆಯುತ್ತಲೇ ಇತ್ತು. "ಯಾರರ ಕರದ್ರ ಅಂತ ಇಟ್ಟೇನವ್ವಾ" ಎಂದಾಗ ನಂದಾಳ ಕಣ್ಣು ತುಂಬಿ ಬಂತು. ಅವನನ್ನು ಅಗಸಿಯ ಬುಡಕ್ಕೇ ಕರೆತಂದಳು.

"ಹೋಗ್ಲಿ, ನೀರಿಗೇನು ಬೆರಸ್ತೀರಿ?" ಸಂಗನಬಸವ ಮುಂದಿನ ಸಾಲಿಗೆ ಹೋದ.

"ಅಳಲೆಕಾಯಿ ಕುಟ್ಟಿ ನೆನಿಹಾಕೂದ್ರಿ."

"ಅಳಲೆಕಾಯಿ ಪಂಡಿತ ಅಂತ ಕೇಳಿದ್ದೆ, ಇವತ್ತ ಕಣ್ಣಾರೆ ಕಂಡೆ ನೋಡ್ರಿ!"

"ಪಂಡಿತ ಅಂದ್ರಲ್ಲಾ, ಅಷ್ಟ ಸಾಕು," ಎಂದು ಬುಡ್ಡೇಸಾಬ ತೋಳು ಏರಿಸಿದ. ತಂದಿದ್ದ ಗಡಿಗೆಯಿಂದ ಸುಣ್ಣ ತೆಗೆದು, ಮರಳು, ಬೆಲ್ಲ, ಅಳಲೆ ನೀರು ಹಾಕಿ ಅರೆದ. ಅಂಗೈಯಗಲ ಗಚ್ಚನ್ನು ಗೋಡೆಗೆ ಬಳಿದ. ಮೂವರೂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು.

ಒಂದು ಇರುವೆ ಬಂತು. ನಂದಾ ಚಪ್ಪಾಳೆ ತಟ್ಟಿದಳು. ಆಮೇಲೆ ಹತ್ತು ಬಂದವು, ಆಮೇಲೆ ಇಡೀ ಬಳಗ ಬಂದು ಅಲ್ಲೇ ಠಿಕಾಣಿ ಹೂಡಿತು.

ಬುಡ್ಡೇಸಾಬನ ಮುಖ ಕಪ್ಪಿಟ್ಟಿತು. ನಾಲಿಗೆಗೆ ಹಚ್ಚಿ ನೋಡಿ ನಂದಾಳತ್ತ ತಿರುಗಿದ. ಅವಳು ಸೆರಗಿನ ತುದಿ ಹಿಂಡುತ್ತ ತಲೆ ತಗ್ಗಿಸಿದಳು. "ನೀವು ಅತ್ತಾಗ ತಿರುಗಿದಾಗ ನಾ ಒಂದ ಉಂಡಿ ಬೆಲ್ಲ ಜಾಸ್ತಿ ಹಾಕೇನ್ರಿ. ಗಟ್ಟಿ ಆಗ್ಲಿ ಅಂತ."

"ಯವ್ವಾ, ಬಳಿಯೂದು ಗ್ವಾಡಿಗೆ, ಹೋಳಗಿಗಲ್ಲ!"

ಸಂಗನಬಸವ ಬಿದ್ದು ಬಿದ್ದು ನಕ್ಕ. ಬುಡ್ಡೇಸಾಬ ಎಲ್ಲವನ್ನೂ ಕೆರೆದು ತೆಗೆದು, ಇನ್ನಷ್ಟು ಸುಣ್ಣ ಸೇರಿಸಿ ಮತ್ತೆ ಅರೆದು, ಬೇರೆ ಕಡೆ ಬಳಿದ. ಸೋಮವಾರದ ಜೆಸಿಬಿ ನೆನೆದು ನಂದಾ ಉಸಿರು ಬಿಗಿಹಿಡಿದಿದ್ದಳು.

ಇರುವೆಯೊಂದು ಬಂತು. ಮೂಸಿ ನೋಡಿತು. ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ. ಸಂಗನಬಸವ ಇಸ್ತ್ರಿ ಪ್ಯಾಂಟಿನ ಹಂಗಿಲ್ಲದೆ ಮಣ್ಣಲ್ಲಿ ಮೊಣಕಾಲೂರಿ ಬಗ್ಗಿದ.

"ಹೋತು! ಕಾಕಾ, ಹೋತ್ರಿ!"

ಎದ್ದು ಫಾರ್ಮು ತೆಗೆದ. ಬೆಲ್ಲದ ಪ್ರಮಾಣ ಎಂಬಲ್ಲಿ 'ಇರುವೆ ಬಂದು ಹೋಗುವಷ್ಟು' ಎಂದು ಗುಂಡಗೆ ಬರೆದ. ಆಧಾರ ಗ್ರಂಥ ಎಂಬಲ್ಲಿ ಒಂದು ಗಳಿಗೆ ತಡೆದು, 'ಬುಡ್ಡೇಸಾಬ, ತೊರವಿ' ಎಂದು ಬರೆದು ಸಹಿ ಹಾಕಿದ. ನಂದಾ ಫಾರ್ಮನ್ನು ಎದೆಗವಚಿಕೊಂಡಳು. ಮರುಕ್ಷಣ ಅವಳ ಕಣ್ಣು ಖಾಲಿ ಉಳಿದ ಕಾಲಮಿನ ಮೇಲೆ ಬಿತ್ತು.

"ಸರ್, ಇಲ್ಲಿ ಪುಟ ಸಂಖ್ಯೆ ಕೇಳ್ಯಾರಲ್ರಿ?"

ಬುಡ್ಡೇಸಾಬ ಕೈಯ ಸುಣ್ಣ ತೊಳೆಯುತ್ತ ನಕ್ಕ. "ಎಂಬತ್ತೊಂದ ಅಂತ ಹಾಕ್ರಿ. ಬುಕ್ಕು ಮುಗಿಯೂದ್ರಾಗ ಯಾರರ ಒಮ್ಮಿ ಪೂರಾ ಓದ್ಕೋರಿ."