ಎಂಟು ಸಾವಿರ ಹೆಣ್ಣಾಳು

"ಆ ಮೂಲೇಲಿ ನಾಕು ಜನ ಕೆಲ್ಸಕ್ಕೆ ಕಳ್ಳಬಿದ್ದು ನಿಂತವ್ರೆ ನೋಡವ್ವ," ಎಂದು ಚಿಕ್ಕಮಾದಮ್ಮ ಮಲಗಿದಲ್ಲಿಂದಲೇ ಪರದೆಯತ್ತ ಬೆರಳು ತೋರಿಸಿದರು.

ಪರದೆಯ ಮೇಲಿದ್ದುದು ಅವರದೇ ಜಠರ. ಆಗಷ್ಟೇ ನುಂಗಿಸಿದ ಮಾತ್ರೆ ಒಡೆದು, ರಾಗಿಹಿಟ್ಟಿನ ಕಣದಷ್ಟಿದ್ದ ಎಂಟು ಸಾವಿರ ರೋಬೊಟ್‌ಗಳು ಬೆನ್ನ ಮೇಲೆ ಔಷಧ ಹೊತ್ತು, ಚುಕ್ಕಿಗಳಂತೆ ಕಾಣುತ್ತ ಹುಣ್ಣಿನ ಕಡೆ ಹೊರಟಿದ್ದವು. ಡಾಕ್ಟರ್ ರಂಜಿನಿ ಹೊಟ್ಟೆಯ ಮೇಲೆ ಅಯಸ್ಕಾಂತ ಸರಿಸುತ್ತಾ ಅವನ್ನು ಎಳೆಯುತ್ತಿದ್ದಳು. ನಂಜನಗೂಡಿನ ಆ ಆಸ್ಪತ್ರೆಗೆ ಇದು ಮೊದಲ ಪ್ರಯೋಗ. ಇಪ್ಪತ್ತು ನಿಮಿಷದೊಳಗೆ ಹುಣ್ಣು ಮುಟ್ಟದಿದ್ದರೆ ಔಷಧವೆಲ್ಲ ದಂಡ. ಆಮೇಲೆ ಹೊಟ್ಟೆ ಕೊಯ್ಯುವುದೊಂದೇ ದಾರಿ.

ಚಿಕ್ಕಮಾದಮ್ಮನಿಗೆ ಆ ಚಿಂತೆಯಿರಲಿಲ್ಲ. ಮೂವತ್ತು ವರ್ಷದಿಂದ ನರಸೀಪುರದ ಸುತ್ತ ನಾಟಿಗೆ ಹೆಣ್ಣಾಳು ಕರೆದೊಯ್ಯುವ ಮೇಸ್ತ್ರಿ ಅವರು. "ಸಾಲು ಬುಡಬ್ಯಾಡಿ ಕಣ್ರಮ್ಮಿ, ಬಿರ್ರನೆ ನಡೀರಿ," ಎಂದು ಹೊಟ್ಟೆಗೇ ಗದರಿದರು. ಚುಕ್ಕಿಗಳು ಸಾಲು ಹಿಡಿದವು. ಅದು ತನ್ನ ಅಯಸ್ಕಾಂತದ ಮಹಿಮೆಯೆಂದು ರಂಜಿನಿ ತನಗೆ ತಾನೇ ಹೇಳಿಕೊಂಡಳು.

"ಕೆಲ್ಸ ಮುಗುದ್ಮೇಲೆ ಇವ್ರು ಎಲ್ಲಿಗೋಯ್ತಾರವ್ವ?"

"ಎಲ್ಲಿಗೂ ಇಲ್ಲ ಅಜ್ಜಿ. ಅಲ್ಲೇ ಕರಗಿಹೋಗ್ತವೆ."

ಚಿಕ್ಕಮಾದಮ್ಮ ದಡಕ್ಕನೆ ಎದ್ದು ಕೂತರು. ಪರದೆಯ ಮೇಲಿನ ಸಾಲು ಚೆಲ್ಲಾಪಿಲ್ಲಿಯಾಯಿತು.

"ನಾನು ಕರ್ಕಂಡೋದ ಆಳ್ನ ಒಂದಿನಾನಾದ್ರೂ ಗದ್ದೇಲೇ ಬುಟ್ಟು ಬಂದಿದ್ದೀನಾ? ಒತ್ತು ಮುಳುಗೋದ್ರೊಳ್ಗೆ ಮನೆ ಸೇರುಸ್ಬೇಕು. ಈ ಪಾಪ ನಂಗ್ ಬ್ಯಾಡ. ಕೊಯ್ಯೋದಾದ್ರೆ ಕೊಯ್ಕೋ."

"ಅಜ್ಜಿ, ಅವಕ್ಕೆ ಜೀವ ಇಲ್ಲ."

"ಗದ್ದೆ ಯಜಮಾನ್ರೂ ಅಂಗೇ ಅನ್ಕಂಡವ್ರೆ."

ಉಳಿದಿದ್ದುದು ಆರು ನಿಮಿಷ. ಅಷ್ಟು ವರ್ಷ ಡಾಕ್ಟರಿ ಓದಿದ್ದ ರಂಜಿನಿ, ಯಾವ ಪುಸ್ತಕದಲ್ಲೂ ಇಲ್ಲದ ಸುಳ್ಳೊಂದನ್ನು ಹೇಳಿದಳು. "ಕರಗಲ್ಲ ಬಿಡಿ. ಕೆಲ್ಸ ಮುಗಿಸಿ ನಿಮ್ಮ ಜೊತೇಲೇ ಊರಿಗೆ ಬರ್ತಾರೆ."

ಚಿಕ್ಕಮಾದಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿ ಮತ್ತೆ ಮಲಗಿದರು. "ನಡೀರಮ್ಮಿ, ಡಾಕ್ಟ್ರವ್ವ ಮಾತು ಕೊಟ್ಟವ್ಳೆ." ಅರ್ಧ ನಿಮಿಷ ಬಾಕಿಯಿರುವಾಗ ಚುಕ್ಕಿಗಳು ಹುಣ್ಣನ್ನು ಮುಚ್ಚಿ ಕುಳಿತವು.

ಸಂಜೆ ರಂಜಿನಿಯೇ ಅವರನ್ನು ನರಸೀಪುರದ ಬಸ್ಸು ಹತ್ತಿಸಿ, ಕಿಟಕಿಯ ಪಕ್ಕ ಕೆಳಗೆ ನಿಂತಳು. ಕಂಡಕ್ಟರ್ ಬಂದ. "ಎಷ್ಟು ಜನ ಅಜ್ಜಿ?"

"ಎಂಟು ಸಾವ್ರದ ಒಂದು. ಎಲ್ಲಾ ಎಂಗುಸ್ರೇ ಕಣಪ್ಪ, ಫ್ರೀ ಟಿಕೇಟು ಕೊಡು."

ಕಂಡಕ್ಟರ್ ಟಿಕೆಟ್ ಮೆಷೀನಿನಿಂದ ತಲೆಯೆತ್ತಲಿಲ್ಲ. "ಆಧಾರ್ ಕಾರ್ಡು ಎಲ್ರುದೂ ತಂದಿದ್ದೀರಾ?"

ಚಿಕ್ಕಮಾದಮ್ಮ ಕಿಟಕಿಯಿಂದ ರಂಜಿನಿಯತ್ತ ಕೈ ಚಾಚಿದರು. "ಕೊಡವ್ವ."